ಗ್ಯಾಸ್ ಕಾರ್ಖಾನೆಯ ಕೆಮ್ಮಿನಮ್ಮ

ಥರ್ಜಾ ಪೆನ್‌ಹಾಲ್‌ಗೆ ಹೊಗಳಿಕೆ ಹಿಡಿಸುವುದಿಲ್ಲ ಎಂದು ಪೋರ್ಟ್ ಹ್ಯಾಲಮ್ಮಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಶುದ್ಧ ಸುಳ್ಳು. ಹೊಗಳಿಕೆ ಎಂದರೆ ಆಕೆಗೆ ಪ್ರಾಣ. ಯಾರಾದರೂ ಹೊಗಳಲು ಬಾಯಿ ತೆರೆದರೆ ಸಾಕು, "ಅಯ್ಯೋ ಬಿಡಿ, ಅದೇನು ಮಹಾ" ಎಂದು ಕೈಯಾಡಿಸುತ್ತಿದ್ದಳು. ಆದರೆ ಆ ಕೈ ಎದುರಿನವರ ಮಾತು ನಿಲ್ಲುವಷ್ಟು ಜೋರಾಗಿ ಎಂದೂ ಆಡಿದ್ದಿಲ್ಲ. ಎಂಬತ್ತು ದಾಟಿದ ಮೇಲೂ ಈ ಕಲೆ ಅವಳಿಗೆ ಮರೆತಿರಲಿಲ್ಲ.

ಹಳೆಯ ಗ್ಯಾಸ್ ಕಾರ್ಖಾನೆಯ ಜಾಗದಲ್ಲಿ ಮನೆಗಳನ್ನು ಕಟ್ಟುತ್ತಿದ್ದ ಕಂಪನಿಯವರು ಪ್ರಚಾರಕ್ಕೆಂದು ಬ್ರೆಂಟನ್ ಎಂಬ ಹುಡುಗನನ್ನು ಇಟ್ಟುಕೊಂಡಿದ್ದರು. ಅವನು ಒಂದು ದಿನ ಸುರುಳಿ ಸುತ್ತಿದ ನಕ್ಷೆಯೊಂದಿಗೆ ಅವಳ ಅಡುಗೆಮನೆಗೆ ಬಂದು ಕೂತ. ಮೇಜಿನ ಮೇಲೆ ನಕ್ಷೆ ಬಿಡಿಸಿ, ಅದು ಮತ್ತೆ ಸುತ್ತಿಕೊಳ್ಳದಂತೆ ಒಂದು ಮೂಲೆಗೆ ಟೀ ಕಪ್ಪು, ಒಂದಕ್ಕೆ ಸಕ್ಕರೆ ಡಬ್ಬಿ, ಒಂದಕ್ಕೆ ಜಾಮ್ ಬಾಟಲಿ, ಇನ್ನೊಂದಕ್ಕೆ ಅವಳ ಕನ್ನಡಕ ಇಟ್ಟ.

"ನೋಡಿ ಥರ್ಜಾ, ದೊಡ್ಡ ಗ್ಯಾಸ್ ಟ್ಯಾಂಕಿನ ಕಬ್ಬಿಣದ ಚೌಕಟ್ಟು ಹಾಗೇ ಇರುತ್ತೆ. ಅದರೊಳಗೇ ಮನೆಗಳು ಬರ್ತವೆ. ಗೋಡೆ ಒಳಗಿದ್ದ ನಿಮ್ಮ ಹಳೇ ಮನೆ ಇದೆಯಲ್ಲ, ಅದು ಕೆಫೆ ಆಗುತ್ತೆ."

"ನನ್ನ ಅಡುಗೆಮನೇಲಿ ಕಾಫಿ ಮಾರ್ತೀಯಾ? ಆ ಒಲೆ ಬರೀ ಹೊಗೆ ಕಾರುತ್ತೆ. ಮೊದಲೇ ಹೇಳಿದೀನಿ, ಆಮೇಲೆ ನನ್ನ ಬೈಬೇಡ."

"ಒಲೆ ಕಿತ್ತು ವರ್ಷ ಆಯ್ತು. ಅದಿರಲಿ, ಇಲ್ಲಿ ಹಸಿರು ಬಣ್ಣ ಹಾಕಿದೆಯಲ್ಲ, ಇದು ಮಕ್ಕಳ ಪಾರ್ಕು. ಹೆಸರು ಓದಿ."

"ನನ್ನ ಕನ್ನಡಕಾನೇ ನಕ್ಷೆ ಮೇಲಿಟ್ಟು ಓದು ಅಂದ್ರೆ ಹೆಂಗಪ್ಪ?"

ಅವನು ಕನ್ನಡಕ ಕೊಟ್ಟ. ನಕ್ಷೆಯ ಆ ಮೂಲೆ ಸುತ್ತಿಕೊಳ್ಳುವ ಮೊದಲು ಅವಳು ಓದಿದಳು: ಥರ್ಜಾ ಪೆನ್‌ಹಾಲ್ ಮಕ್ಕಳ ಅಂಗಳ.

"ಅಯ್ಯೋ ಬಿಡು, ಅದೇನು ಮಹಾ," ಎಂದು ಥರ್ಜಾ ಕೈಯಾಡಿಸಿದಳು. ಅವತ್ತು ಬ್ರೆಂಟನ್‌ಗೆ ಎರಡು ಸಲ ಕೇಕ್ ಸಿಕ್ಕಿತು.

ಹೆಸರು ಸೂಚಿಸಿದ್ದು ಕಂಪನಿಯಲ್ಲ, ಒಲ್ವೆನ್ ಕ್ರಾಡಕ್. ಪುರಸಭೆಯ ಸಭೆಯಲ್ಲಿ ಆ ಮುದುಕಿ ಊರುಗೋಲು ಹಿಡಿದು ಎದ್ದು ನಿಂತು, "ನಮ್ಮ ಕಾಲದಲ್ಲಿ ಈ ಊರಿನ ಅರ್ಧ ಮಕ್ಕಳನ್ನ ಥರ್ಜಾ ತೋಳಲ್ಲಿ ಎತ್ಕೊಂಡಿದಾಳೆ. ನನ್ನ ಕ್ಲೆಮ್‌ನೂ ಎತ್ಕೊಂಡಿದ್ಲು. ಮಕ್ಕಳು ಆಡೋ ಜಾಗಕ್ಕೆ ಅವಳ ಹೆಸರಲ್ಲದೆ ಇನ್ಯಾರ ಹೆಸರು ಇಡ್ತೀರಿ?" ಎಂದಳಂತೆ. ಕ್ಲೆಮ್ ಒಲ್ವೆನ್‌ಳ ಒಬ್ಬನೇ ಮಗ. ಮೂರು ವರ್ಷದವನಿದ್ದಾಗ ಹೋದವನು. ಅವನ ಹೆಸರು ಎತ್ತಿದ ಮೇಲೆ ಸಭೆಯಲ್ಲಿ ಯಾರು ತಾನೇ ಬೇಡ ಅಂದಾರು?

ಈ ಎತ್ತಿಕೊಂಡ ಕಥೆ ಏನೆಂದರೆ ಇದು.

ಥರ್ಜಾ ರೊಟ್ಟಿ ಅಂಗಡಿಯವನ ಮಗಳು. ಇಪ್ಪತ್ತಕ್ಕೆ ಹೆಡ್ಲಿ ಪೆನ್‌ಹಾಲ್‌ನನ್ನು ಮದುವೆಯಾಗಿ ಗ್ಯಾಸ್ ಕಾರ್ಖಾನೆಯ ಇಟ್ಟಿಗೆ ಗೋಡೆಯೊಳಗಿನ ಮೇಸ್ತ್ರಿ ಮನೆಗೆ ಬಂದಳು. ಕಲ್ಲಿದ್ದಲು ಸುಟ್ಟು ತೆಗೆದ ಗ್ಯಾಸನ್ನು ಸೋಸುವ ಶೆಡ್ಡು ಹೆಡ್ಲಿಯ ಉಸ್ತುವಾರಿಯಲ್ಲಿತ್ತು. ಮೊದಲ ತಿಂಗಳು ಥರ್ಜಾ ಅತ್ತಳು. ಬೆಳ್ಳಗೆ ಒಣಹಾಕಿದ ಹಾಸಿಗೆ ಹೊದಿಕೆ ಬೂದಿ ಬಣ್ಣವಾಗಿ ಒಳಗೆ ಬರುತ್ತಿತ್ತು. ತಿನ್ನುವ ಬ್ರೆಡ್ಡಿಗೂ ಕೊಳೆತ ಮೊಟ್ಟೆಯ ವಾಸನೆ. ಆಮೇಲಾಮೇಲೆ ಮೂಗೇ ಸೋತು ಸುಮ್ಮನಾಯಿತು. ಊರಿನ ಒಲೆಗೆಲ್ಲ ಬೆಂಕಿ ಆ ಗೋಡೆಯೊಳಗಿಂದಲೇ ಹೋಗುತ್ತಿತ್ತು. ಆದರೂ ಬಸ್ಸಿನಲ್ಲಿ ಗೋಡೆಯೊಳಗಿನವರು ಪಕ್ಕಕ್ಕೆ ಬಂದರೆ ಊರಿನ ಹೆಂಗಸರು ಕಿಟಕಿ ತೆಗೆಯುತ್ತಿದ್ದರು. ರೊಟ್ಟಿ ಅಂಗಡಿಯ ಪರಿಮಳದಲ್ಲಿ ಬೆಳೆದವಳಿಗೆ ಆ ಕಿಟಕಿಯ ಸದ್ದು ಎದೆಗೆ ತಾಗುತ್ತಿತ್ತು.

ಅವಳಿಗೆ ಊರಿನಲ್ಲಿ ಮರ್ಯಾದೆ ತಂದುಕೊಟ್ಟದ್ದು ನಾಯಿಕೆಮ್ಮು. ಗ್ಯಾಸ್ ಕಾರ್ಖಾನೆಯ ಗಾಳಿ ಕುಡಿದರೆ ನಾಯಿಕೆಮ್ಮು ಬಿಡುತ್ತದೆ ಎಂಬುದು ಅಜ್ಜಿಯರ ಕಾಲದಿಂದ ಬಂದ ನಂಬಿಕೆ. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದು ಗೇಟಿನವನನ್ನು ಗೋಗರೆಯುತ್ತಿದ್ದರು. ಅವನ ಮನಸ್ಸಿಗೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಥರ್ಜಾ ಬಂದ ಮೇಲೆ ಅದಕ್ಕೊಂದು ಕ್ರಮ ಬಂತು. ಅವಳ ಮನೆ ಗೋಡೆಯೊಳಗೇ ಇತ್ತಲ್ಲ, ಬಂದವರೆಲ್ಲ ಅವಳ ಮನೆಯ ನೆಂಟರು. ಮೇಸ್ತ್ರಿಯ ಹೆಂಡತಿ ನೆಂಟರನ್ನು ಕರೆದರೆ ಮ್ಯಾನೇಜರ್ ಏನು ಮಾಡಿಯಾನು?

ಗ್ಯಾಸನ್ನು ಸೋಸಲು ಕಬ್ಬಿಣದ ದೊಡ್ಡ ತೊಟ್ಟಿಗಳಿದ್ದವು, ಒಳಗೆ ತುಕ್ಕು ಬೆರೆಸಿದ ಮರದ ಹೊಟ್ಟು. ಗ್ಯಾಸಿನ ಕೊಳೆಯನ್ನೆಲ್ಲ ಹೀರಿ ಹೀರಿ ಆ ಹೊಟ್ಟು ನೀಲಿಗಟ್ಟಿದಾಗ ಮುಚ್ಚಳ ಎತ್ತಿ, ಆಳುಗಳು ಸಲಿಕೆಯಿಂದ ಅದನ್ನು ಹೊರಹಾಕುತ್ತಿದ್ದರು. ಬಿಸಿ ಬಿಸಿ ಹೊಗೆ ಏಳುತ್ತಿತ್ತು. ಆ ದಿನ ಥರ್ಜಾಳ ಹಿತ್ತಿಲಲ್ಲಿ ತಾಯಂದಿರ ಸಾಲು. ಒಂದೊಂದೇ ಮಗುವನ್ನು ತನ್ನ ಕೋಟಿನೊಳಗೆ ಸುತ್ತಿಕೊಂಡು ತೊಟ್ಟಿಯ ಅಂಚಿನಲ್ಲಿ ನಿಂತು, "ಎಳಿ ಚಿನ್ನ, ಉಸಿರು ಎಳಿ, ಇನ್ನೊಂದು ಸಲ" ಎನ್ನುತ್ತಿದ್ದಳು. ಮಗು ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಳ್ಳುತ್ತಿತ್ತು. "ನೋಡಿದ್ರಾ, ಕಫ ಹೊರಗೆ ಬಂತು" ಎಂದು ಹೆಂಗಸರು ಸಮಾಧಾನಪಡುತ್ತಿದ್ದರು. ಅಳುವ ಮಗುವಿನ ಬಾಯಿಗೆ ಬಾರ್ಲಿ ಸಕ್ಕರೆ ಮಿಠಾಯಿಯ ಒಂದು ಕಡ್ಡಿ. ಕೆಲವು ವಾರದಲ್ಲಿ ಕೆಮ್ಮು ಬಿಡುತ್ತಿತ್ತು. ನಾಯಿಕೆಮ್ಮು ಹೇಗೂ ಕೆಲವು ವಾರಕ್ಕೆ ಬಿಡುವಂಥದೇ. ಆದರೆ ತನ್ನ ಕೋಳಿ ಕೂಗಿದ್ದಕ್ಕೇ ಊರಿಗೆ ಬೆಳಗಾಯಿತೆಂದು ನಂಬಿದ ಮುದುಕಿಯ ಕಥೆ ಗೊತ್ತಲ್ಲ? ಇಲ್ಲಿ ಊರೂ ಹಾಗೆಯೇ ನಂಬಿತು. ಕಿಟಕಿ ತೆಗೆಯುತ್ತಿದ್ದ ಹೆಂಗಸರೇ ಮೊಟ್ಟೆ, ಬನ್ನಿನಂಥ ಸ್ಕೋನು, ಒಮ್ಮೊಮ್ಮೆ ಸುಲಿದ ಮೊಲ ತಂದುಕೊಟ್ಟು, ಬಸ್ಸಿನಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಡತೊಡಗಿದರು. ನಮ್ಮ ಕಡೆ ಒಂದೊಂದು ಬೇನೆಗೆ ಒಬ್ಬೊಬ್ಬ ಅಮ್ಮ ಇರುವಂತೆ ಥರ್ಜಾ ಆ ಊರಿಗೆ ಕೆಮ್ಮಿನಮ್ಮನಾದಳು.

ಕ್ಲೆಮ್ ಮಾತ್ರ ಉಳಿಯಲಿಲ್ಲ. ಆದರೂ ಒಲ್ವೆನ್ ಒಂದು ದಿನವೂ ಒಂದು ಕೊಂಕು ಆಡಲಿಲ್ಲ. ಮಣ್ಣು ಮಾಡಿ ಬಂದ ದಿನವೇ ಥರ್ಜಾಳ ಕೈ ಹಿಡಿದು, "ನೀನು ಮಾಡೋದೆಲ್ಲ ಮಾಡಿದೆ ಕಣೇ" ಎಂದಿದ್ದಳು. ಆಮೇಲೆ ಪ್ರತಿ ಕ್ರಿಸ್‌ಮಸ್ಸಿಗೂ ಬಟ್ಟೆಯಲ್ಲಿ ಕಟ್ಟಿ ಬೇಯಿಸಿದ ಪುಡಿಂಗ್ ಒಂದು ತನ್ನ ಮನೆಗೆ, ಒಂದು ಥರ್ಜಾಳಿಗೆ. ಕಾರ್ಖಾನೆ ಮುಚ್ಚಿತು, ಹೆಡ್ಲಿ ತೀರಿಕೊಂಡ, ಒಲ್ವೆನ್‌ಳ ಗಂಡನೂ ಹೋದ. ಪುಡಿಂಗ್ ತಪ್ಪಲಿಲ್ಲ.

ಜಾಗ ಬಹಳ ಕಾಲ ಬೇಲಿಯೊಳಗೆ ಹಾಳು ಬಿದ್ದಿತ್ತು. ಈಗ ಅಗೆಯಲು ತೊಡಗಿದಾಗ ಊರಿಗೆ ಒಂದು ತಮಾಷೆ ಸಿಕ್ಕಿತು. ಹೊಂಡದ ಮೇಲೆ ಸರ್ಕಸ್ಸಿನ ಡೇರೆಗಿಂತ ದೊಡ್ಡ ಬಿಳಿ ಡೇರೆ. ಮಣ್ಣು ಹೊತ್ತ ಲಾರಿಗಳು ಮೈತುಂಬ ಹೊದ್ದುಕೊಂಡು, ಗಾಲಿ ತೊಳೆಸಿಕೊಂಡೇ ರಸ್ತೆಗೆ ಇಳಿಯಬೇಕು. ಕೆಲಸದವರು ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ ತೊಟ್ಟು ಮುಖಕ್ಕೆ ಮುಖವಾಡ ಹಾಕಿಕೊಂಡಿದ್ದರು. ಊರಿನ ಮುದುಕರು ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನಲ್ಲಿ ಥರ್ಜಾ ಎಲ್ಲರನ್ನೂ ನಗಿಸಿದಳು: "ನಾನು ಅಲ್ಲಿ ಎಲೆಕೋಸು ಬೆಳೆದು ತಿಂದೋಳು. ಈ ಗಂಡಸ್ರು ನೋಡಿದ್ರೆ ಚಂದ್ರಲೋಕಕ್ಕೆ ಹೊರಟೋರ ಥರ ಹೋಗ್ತಾರಲ್ಲೇ!"

ಅದೇ ವಾರ ಬ್ರೆಂಟನ್ ಅವಳನ್ನು ಫೋಟೋ ತೆಗೆಸಲು ಒಳಗೆ ಕರೆದೊಯ್ದ. ತಲೆಗೆ ಹೆಲ್ಮೆಟ್ಟು, ಕಾಲಿಗೆ ಯಾರದೋ ದೊಡ್ಡ ಬೂಟು. ಮಣ್ಣಿನ ಇಂಜಿನಿಯರ್ ಅನ್ನೆಕೆ ಎಂಬ ಹುಡುಗಿ ಹೊಂಡದಿಂದ ದೂರದಲ್ಲೇ ತಡೆದು ನಿಲ್ಲಿಸಿದಳು. ಹೊಂಡದ ಗೋಡೆಯಲ್ಲಿ ಒಂದು ದಪ್ಪ ನೀಲಿ ಪಟ್ಟೆ ಕಾಣುತ್ತಿತ್ತು. ಥರ್ಜಾಳ ಮುಖ ತವರಿನವರನ್ನು ಕಂಡಂತೆ ಅರಳಿತು.

"ಅಯ್ಯೋ, ನಮ್ಮ ನೀಲಿ!"

"ನಿಮಗೆ ಇದು ಗೊತ್ತಾ ಮಿಸೆಸ್ ಪೆನ್‌ಹಾಲ್?" ಎಂದಳು ಅನ್ನೆಕೆ.

"ಗೊತ್ತಾ ಅಂದ್ರೇನಮ್ಮ! ನನ್ನ ಗಂಡ ಇದನ್ನ ಬಾಚಿ ಬಾಚೇ ಬೆನ್ನು ಬಗ್ಗಿಸ್ಕೊಂಡ. ಆಗ ತಾನೇ ತೆಗೆದಾಗ ಬಿಸಿ ಇರ್ತಿತ್ತು, ಹೊಗೆ ಬರ್ತಿತ್ತು. ಆ ಹೊಗೇಲೇ ನಾನು ಮಕ್ಕಳನ್ನ ಹಿಡ್ಕೊಂಡು ನಿಲ್ತಿದ್ದದ್ದು."

"ಮಕ್ಕಳನ್ನಾ?"

"ಕೆಮ್ಮಿನ ಮಕ್ಕಳು. ಇವನು ಹೇಳಿಲ್ವಾ? ಅದಕ್ಕೇ ಅಲ್ವಾ ಪಾರ್ಕಿಗೆ ನನ್ನ ಹೆಸರು ಇಡ್ತಿರೋದು."

ಅನ್ನೆಕೆ ಬ್ರೆಂಟನ್‌ನ ಮುಖ ನೋಡಿದಳು. ಬ್ರೆಂಟನ್ ತನ್ನ ಫೋನು ನೋಡಿದ.

"ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ ಬಿಡಿ," ಎಂದಳು ಅನ್ನೆಕೆ.

"ಏನು ಗೊತ್ತಿರಲಿಲ್ಲ?"

"ಇದರಲ್ಲಿ ಸಯನೈಡ್ ಇದೆ. ಈಗ ಮಣ್ಣಲ್ಲಿ ಗಟ್ಟಿಯಾಗಿ ಕೂತಿದೆ, ಅಷ್ಟೇನೂ ಮಾಡಲ್ಲ. ಬಿಸಿ ಇದ್ದಾಗ ಬರೋ ಹೊಗೆ ಬೇರೆ. ಅದು ವಿಷ."

"ನಾಯಿಕೆಮ್ಮಿಗೆ ಒಳ್ಳೇದು ಅಂತಿದ್ರಲ್ಲ?"

"ಇಲ್ಲ ಮಿಸೆಸ್ ಪೆನ್‌ಹಾಲ್."

"ಒಂಚೂರೂ ಇಲ್ವಾ?"

"ಇಲ್ಲ. ಆದ್ರೆ ಸ್ವಲ್ಪ ಹೊತ್ತು ನಿಂತಿದ್ದಕ್ಕೆ ಬಹಳ ಮಕ್ಕಳಿಗೆ ಏನೂ ಆಗಿರಲ್ಲ. ನೀವು ಮನಸ್ಸಿಗೆ ಹಚ್ಕೋಬೇಡಿ."

"ಎದೆ ಕಟ್ಕೊಂಡು ಉಸಿರೇ ಎಳೆಯೋಕಾಗದೆ ಇರೋ ಮಗು ಆದ್ರೆ?"

ಸುಳ್ಳು ಹೇಳಲು ಬಂದಿದ್ದರೆ ಅನ್ನೆಕೆ ಆಗ ಹೇಳುತ್ತಿದ್ದಳು. ಅವಳು ಕೈಗವಸು ತೆಗೆದು ಥರ್ಜಾಳ ಮೊಣಕೈ ಹಿಡಿದುಕೊಂಡಳು, ಅಷ್ಟೇ. ಬ್ರೆಂಟನ್, "ಒಂದು ನಗು ಕೊಡಿ ಥರ್ಜಾ" ಎಂದು ಫೋಟೋ ತೆಗೆದ. ಥರ್ಜಾ ನಕ್ಕಳು. ನಕ್ಕದ್ದಕ್ಕೆ ಮನೆ ತಲುಪುವವರೆಗೂ ನಾಚಿಕೊಂಡಳು.

ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಮನುಷ್ಯ ದುಃಖಪಡಬಹುದು, ನಾಚಬೇಕಾಗಿಲ್ಲ. ಥರ್ಜಾಳಿಗೂ ಇದು ಗೊತ್ತಿತ್ತು. ಇಷ್ಟೇ ಆಗಿದ್ದರೆ ಅವಳು ಎರಡು ದಿನ ಅತ್ತು, ಆಮೇಲೆ ಎಂದಿನಂತೆ ಬೌಲ್ಸ್ ಕ್ಲಬ್ಬಿಗೆ ಹೋಗುತ್ತಿದ್ದಳು. ಅವಳನ್ನು ಸುಟ್ಟದ್ದು ಬೇರೆ. ಕ್ಲೆಮ್‌ನ ವಿಷಯದಲ್ಲಿ ಅವಳು ಯಾರಿಗೂ, ಹೆಡ್ಲಿಗೂ ಹೇಳದ ಒಂದು ಮಾತಿತ್ತು.

ಕ್ಲೆಮ್ ತೀರಿಹೋದ ಆ ಚಳಿಗಾಲದಲ್ಲಿ ಔಷಧಿ ಅಂಗಡಿಯಲ್ಲಿ ಊರಿನ ಡಾಕ್ಟರ್ ಲೀಥ್ ಎದುರಾಗಿದ್ದ. ಅಂಗಡಿ ತುಂಬ ಜನ. "ಓಹೋ, ನಮ್ಮ ಗ್ಯಾಸ್ ಡಾಕ್ಟರಮ್ಮ! ಮುಂದಿನ ವಾರ ಡಾಂಬರಿನ ಮಾತ್ರೆ ಕಟ್ತೀಯೇನಮ್ಮ?" ಎಂದ. ಎಲ್ಲರೂ ನಕ್ಕರು. ಮೊಲ ತಂದುಕೊಟ್ಟವರೂ ನಕ್ಕರು. ಬಸ್ಸಿನ ಕಿಟಕಿಯೆಲ್ಲ ಒಮ್ಮೆಲೇ ತೆರೆದುಕೊಂಡಂತಾಯಿತು ಅವಳಿಗೆ. ಅದಾದ ಮೂರನೆಯ ದಿನ, ಮಂಗಳವಾರ, ಒಲ್ವೆನ್ ಮಗುವಿನ ಗಾಡಿ ತಳ್ಳಿಕೊಂಡು ಕಾರ್ಖಾನೆಯ ಗೇಟಿನ ಮುಂದೆ ಹೋಗುತ್ತಿದ್ದಳು. ಗಾಡಿಯಲ್ಲಿ ಕ್ಲೆಮ್. ತುಟಿಯ ಬಣ್ಣ ಸರಿಯಿರಲಿಲ್ಲ, ಪಕ್ಕೆ ಒಳಕ್ಕೆ ಎಳೆಯುತ್ತಿತ್ತು.

"ಎಲ್ಲಿಗೇ?"

"ಆಸ್ಪತ್ರೆಗೆ. ಲೀಥ್ ಡಾಕ್ಟ್ರು ಇವತ್ತೇ ಕರ್ಕೊಂಡು ಬಾ ಅಂದಿದಾರೆ."

ಲೀಥ್ ಎಂಬ ಹೆಸರು ಕೇಳಿದ್ದೇ ತಡ, ಥರ್ಜಾಳ ಕಿವಿ ಬಿಸಿಯಾಯಿತು. "ಅಲ್ಲೇನು ಮಾಡ್ತಾರೆ? ಮಗೂನ ನಿನ್ನ ಕೈಯಿಂದ ಕಿತ್ಕೊಂಡು ಗಾಜಿನ ಹಿಂದೆ ಮಲಗಿಸ್ತಾರೆ, ನಿನ್ನ ಒಳಗೂ ಬಿಡಲ್ಲ. ಶುಕ್ರವಾರ ತೊಟ್ಟಿ ಮುಚ್ಚಳ ತೆಗೀತಾರೆ. ಅಲ್ಲೀತನಕ ಬೆಚ್ಚಗಿಟ್ಕೋ. ನಾನಿದೀನಲ್ಲ," ಎಂದಳು.

ಒಲ್ವೆನ್ ಗಾಡಿ ತಿರುಗಿಸಿದಳು. ಶುಕ್ರವಾರ ಥರ್ಜಾ ಮಗುವನ್ನು ಕೋಟಿನೊಳಗೆ ಸುತ್ತಿಕೊಂಡು ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಳು. ಹಾಗೆ ನಿಂತಾಗ ಅವಳು ನೆನೆಯುತ್ತಿದ್ದದ್ದು ಮಗುವನ್ನಲ್ಲ. ಈ ಮಗು ಎದ್ದು ಓಡಾಡಲಿ, ಆ ಔಷಧಿ ಅಂಗಡಿಯಲ್ಲಿ ಲೀಥ್‌ನ ಮುಖ ನೋಡಬೇಕು ಎಂದು ನೆನೆಯುತ್ತಿದ್ದಳು. ಭಾನುವಾರ ಕ್ಲೆಮ್ ತೀರಿಕೊಂಡ.

ಇದೇ ಆ ಮಾತು. ಇಷ್ಟು ದಿನ, ಹೊಗೆಯಲ್ಲಿ ಗುಣವಿದೆ, ಮಗುವಿನ ಆಯುಸ್ಸು ಅಷ್ಟೇ ಇತ್ತು ಎಂಬ ಎರಡು ಚಪ್ಪಡಿಯ ಕೆಳಗೆ ಅದನ್ನು ಹೂತಿಟ್ಟಿದ್ದಳು. ಅನ್ನೆಕೆಯ ಒಂದು "ಇಲ್ಲ" ಚಪ್ಪಡಿ ಕಿತ್ತು ಹಾಕಿತು. ಇನ್ನು ಅವಳು ಎಲ್ಲಿಗೆ ಹೋದರೂ ನಾಚಿಕೆ ಜೊತೆಗೇ ಬಂತು. ಮಾಂಸದಂಗಡಿಯವನು, "ನಮ್ಮಪ್ಪನ ಕೆಮ್ಮು ಬಿಡಿಸಿದವರು ನೀವೇ ಅಂತೆ, ಈ ತುಂಡು ಪುಕ್ಕಟೆ" ಎಂದು ಕುರಿಯ ತೊಡೆ ಕೊಟ್ಟ. ಬೇಡ ಎನ್ನಲಾರದೆ ತಂದಳು. ತಿನ್ನಲಾರದೆ ನೆರೆಮನೆಯ ನಾಯಿಗೆ ಹಾಕಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಬೌಲ್ಸ್ ಕ್ಲಬ್ಬಿನಲ್ಲಿ ಯಾರೋ ತಮ್ಮಷ್ಟಕ್ಕೆ ಕೆಮ್ಮಿದರೆ ಇವಳ ಮುಖ ಕೆಂಪಗಾಗುತ್ತಿತ್ತು. ಅಲ್ಲಿಗೂ ಹೋಗುವುದು ಬಿಟ್ಟಳು. ಪಾರ್ಕಿನ ಹೆಸರು ನೆನೆದರಂತೂ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನಿಸುತ್ತಿತ್ತು. ಆ ಅಂಗಳ ಬರುತ್ತಿದ್ದದ್ದು ಸೋಸುವ ಶೆಡ್ಡು ಇದ್ದ ಜಾಗದಲ್ಲೇ. ಕ್ಲೆಮ್‌ನನ್ನು ಹಿಡಿದು ನಿಂತ ಜಾಗದಲ್ಲಿ ತನ್ನ ಹೆಸರು.

ಬ್ರೆಂಟನ್‌ಗೆ ಫೋನ್ ಮಾಡಿದಳು. "ನನ್ನ ಹೆಸರು ತೆಗೆದುಬಿಡಪ್ಪ. ಬೇಡ."

"ಅಯ್ಯೋ ಥರ್ಜಾ, ನಿಮ್ಮ ವಿನಯ ಎಲ್ಲಾರ್ಗೂ ಗೊತ್ತು."

"ವಿನಯ ಅಲ್ಲ ಕಣೋ. ಆ ಇಂಜಿನಿಯರ್ ಹುಡುಗಿ ಹೇಳಿದ್ದು ನೀನೂ ಕೇಳಿಸ್ಕೊಂಡೆ."

"ಅದನ್ನ ಯಾರೂ ಎತ್ತಲ್ಲ ಬಿಡಿ. ಬೋರ್ಡಿನ ಮೇಲೆ ಬರೀ ಪ್ರೀತಿ, ಆರೈಕೆ ಅಂತ ಬರೆದಿದೀವಿ. ಹೊಗೆ ಮಾತೇ ಇಲ್ಲ. ಅಲ್ಲದೆ ಒಲ್ವೆನ್‌ಗೆ ಏನು ಹೇಳೋದು? ಅವರು ಆಗಲೇ ಹೊಸ ಕೋಟು ತಗೊಂಡಿದಾರೆ. ಬೇಡ ಅನ್ನೋದಾದ್ರೆ ನೀವೇ ಅವರಿಗೆ ಹೇಳಿ, ಆಮೇಲೆ ನೋಡೋಣ."

ಹುಡುಗ ಜಾರಿಕೊಳ್ಳಲು ಹೇಳಿದ ಮಾತು ಅದು. ಆದರೆ ಥರ್ಜಾಳಿಗೆ ಅದೇ ನ್ಯಾಯವೆನಿಸಿತು. ಹೇಳಬೇಕಾದದ್ದು ಒಲ್ವೆನ್‌ಗೇ. ಮಧ್ಯಾಹ್ನದ ಮೇಲೆ ಕೋಟು ಹಾಕಿಕೊಂಡು, ಎರಡು ಬೀದಿ ದಾಟಿ, ಬಾಗಿಲ ಮುಂದೆ ನಿಂತು, ಒಮ್ಮೆ ಹಿಂದಿರುಗಿ, ಮತ್ತೆ ಬಂದು ಬಾಗಿಲು ತಟ್ಟಿದಳು.

"ಬಾರೇ ಪಾರ್ಕಿನಮ್ಮ," ಎಂದಳು ಒಲ್ವೆನ್. "ಕಿಟಕಿಯಿಂದಲೇ ನಿನ್ನ ನೋಡಿದೆ, ಬಾಗಿಲ ಹತ್ರ ನಾಟ್ಯ ಆಡ್ತಿದ್ದೆ. ಕಾಲು ನೋವಾ, ಇಲ್ಲ ದೊಡ್ಡ ಮನುಷ್ಯಳಾದ ಮೇಲೆ ಹಳೇ ಮನೆ ಗುರುತು ಸಿಗಲಿಲ್ವಾ?"

ಒಲ್ವೆನ್ ಕುಳ್ಳಗಿನ ಹೆಂಗಸು. ಮೈ ಸಣಕಲಾದರೂ ನಾಲಿಗೆ ದಷ್ಟಪುಷ್ಟ. ಮೇಜಿನ ಮೇಲೆ ಟೀ, ಮಧ್ಯೆ ಜಾಮ್ ಹಚ್ಚಿದ ಸ್ಪಂಜ್ ಕೇಕು. ಗೋಡೆಯ ಮೇಲೆ ಕ್ಲೆಮ್‌ನ ಫೋಟೋ, ಒಂದೇ ಒಂದು ಇದ್ದದ್ದು. ಥರ್ಜಾ ಅದಕ್ಕೆ ಬೆನ್ನು ಹಾಕಿ ಕೂತಳು.

"ಒಲ್ವೆನ್, ನಾನೊಂದು ಹೇಳ್ಬೇಕು. ನಡುವೆ ಬಾಯಿ ಹಾಕ್ಬೇಡ."

"ಹಾಕಲ್ಲ. ಕೇಕ್ ತಿನ್ನು."

"ಆ ಹೊಗೆ ವಿಷ ಅಂತೆ."

ಒಲ್ವೆನ್ ಕಪ್ಪಿಗೆ ಹಾಲು ಹಾಕುತ್ತಿದ್ದವಳು ನಿಲ್ಲಿಸಲಿಲ್ಲ.

"ಅಷ್ಟೇ ಅಲ್ಲ. ನೀನು ಅವತ್ತು ಆಸ್ಪತ್ರೆಗೆ ಹೊರಟಿದ್ದೆ. ನಾನು ತಡೆದೆ. ಲೀಥ್ ನನ್ನ ನೋಡಿ ನಕ್ಕಿದ್ದ, ಆ ಸಿಟ್ಟಿಗೆ ತಡೆದೆ. ಮಗುವಿಗೋಸ್ಕರ ಅಲ್ವೇ ಅಲ್ಲ. ನನ್ನ ಜಂಬಕ್ಕೆ. ನಂಗೆ ನಾಚಿಕೆ ಆಗುತ್ತೆ ಒಲ್ವೆನ್. ನಿನ್ನ ಮನೆ ಕುರ್ಚಿ ಮೇಲೆ ಕೂರೋಕೂ ನಾಚಿಕೆ ಆಗುತ್ತೆ. ಆ ಹೆಸರು ತೆಗೆಸು. ನೀನು ಹೇಳಿದ್ರೆ ತೆಗೀತಾರೆ."

ಒಲ್ವೆನ್ ಹಾಲಿನ ಜಗ್ಗನ್ನು ಕೆಳಗಿಟ್ಟಳು. ಬಹಳ ಹೊತ್ತು ಅದರ ಹಿಡಿ ಬಿಡಲಿಲ್ಲ.

"ಮುಗೀತಾ?"

"ಮುಗೀತು."

"ಈಗ ನಾನು ಹೇಳ್ತೀನಿ, ನೀನು ಬಾಯಿ ಹಾಕ್ಬೇಡ. ಗಾಡಿ ಯಾರ ಕೈಲಿತ್ತು?"

"ಒಲ್ವೆನ್—"

"ಬಾಯಿ ಹಾಕ್ಬೇಡ ಅಂದೆ. ಗಾಡಿ ನನ್ನ ಕೈಲಿತ್ತು. ಡಾಕ್ಟ್ರು ಇವತ್ತೇ ಬಾ ಅಂದಿದ್ದು ನಂಗೆ. ಆಸ್ಪತ್ರೆ ಗೇಟು ಅಲ್ಲೇ ಎದುರಿಗೆ ಕಾಣ್ತಿತ್ತು. ನೀನು ಒಂದು ಮಾತು ಹೇಳ್ದೆ. ಮಾತು ಯಾರು ಬೇಕಾದ್ರೂ ಹೇಳ್ತಾರೆ. ಗಾಡಿ ತಿರುಗಿಸಿದ್ದು ಯಾರು? ನನ್ನ ಮಗನ ತುಟಿ ನಂಗೆ ಕಾಣ್ತಿರಲಿಲ್ವಾ?" ಅವಳ ಧ್ವನಿ ಏರಿತು. "ಅವನನ್ನ ಗಾಜಿನ ಹಿಂದೆ ಬಿಟ್ಟು ಬರೋಕೆ ನಂಗೆ ಧೈರ್ಯ ಇರಲಿಲ್ಲ ಕಣೇ. ಯಾರಾದ್ರೂ ಬೇಡ ಅನ್ಲಿ ಅಂತಲೇ ನಿನ್ನ ಗೇಟಿನ ಮುಂದೆ ಹೋದೆ. ಆಸ್ಪತ್ರೆಗೆ ಬೇರೆ ಹತ್ರದ ದಾರಿ ಇತ್ತು, ಅದನ್ನ ಬಿಟ್ಟು ಬಂದೆ."

ಥರ್ಜಾ ತಲೆ ಎತ್ತಿ ನೋಡಿದಳು.

"ಅಷ್ಟು ವರ್ಷದಿಂದ ಊರಿಗೆಲ್ಲ ಹೇಳ್ಕೊಂಡು ಬಂದೆ: ಥರ್ಜಾ ಮಾಡೋದೆಲ್ಲ ಮಾಡಿದ್ಲು, ಥರ್ಜಾ ಕೈಲೇ ಆಗದಿದ್ದದ್ದು ಯಾರ ಕೈಲಿ ಆಗ್ತಿತ್ತು ಅಂತ. ಹೇಳಿ ಹೇಳಿ ನಂಗೂ ನಿದ್ದೆ ಬರ್ತಿತ್ತು. ಈಗ ಬಂದು, ನಾನು ಏನೂ ಮಾಡಲಿಲ್ಲ, ವಿಷ ಕುಡಿಸಿದೆ ಅಂತೀಯಲ್ಲ. ಆಗ ನಾನು ಯಾರಾದೆ ಹೇಳು? ನೀನು ಕೆಟ್ಟೋಳಾದ್ರೆ ನಾನು ಏನು? ನಿನ್ನ ಹೆಸರು ಅಲ್ಲಿಂದ ತೆಗೆದ್ರೆ ಊರಿನೋರು ಯಾಕೆ ಅಂತ ಕೇಳ್ತಾರೆ. ಕೇಳಿದ್ರೆ ಕೊನೆಗೆ ನನ್ನ ಬಾಗಿಲಿಗೇ ಬರುತ್ತೆ, ಯಾವ ತಾಯಿ ಹಿಂಗೆ ಮಾಡ್ತಾಳೆ ಅಂತ."

"ನಿಂದೇನೂ ತಪ್ಪಿಲ್ಲ ಒಲ್ವೆನ್."

"ಇದೆ ಅಂತ ನಾನು ಹೇಳ್ಲಿಲ್ಲ, ಇಲ್ಲ ಅಂತ ನೀನು ಹೇಳ್ಬೇಡ. ಸುಮ್ನೆ ಒಳ್ಳೆಯವಳಾಗಿ ಇರು. ನಂಗೋಸ್ಕರ. ಇನ್ನೆಷ್ಟು ದಿನ? ನಾವಿಬ್ರೂ ಹೋದ ಮೇಲೆ ಏನು ಬೇಕಾದ್ರೂ ಬರ್ಕೊಳ್ಲಿ." ಒಲ್ವೆನ್ ಕೇಕಿನ ತಟ್ಟೆಯನ್ನು ಅವಳ ಕಡೆ ತಳ್ಳಿದಳು. "ತಿನ್ನು. ಮೊಟ್ಟೆ ಜಾಸ್ತಿ ಹಾಕಿದೀನಿ."

ಥರ್ಜಾ ತಿಂದಳು. ಟೀ ಕುಡಿದು ಮುಗಿಸಿದಳು. ಕ್ಷಮೆ ಕೇಳಲು ಬಂದವಳಿಗೆ ಬೈಗುಳ ಸಿಗಬಹುದು, ಕ್ಷಮೆ ಸಿಗಬಹುದು ಎಂದು ಎಣಿಸಿದ್ದಳು. ತಾನೇ ಹೊತ್ತಿದ್ದ ಹೊರೆಯ ಮೇಲೆ ಇನ್ನೊಬ್ಬಳ ಹೊರೆಯನ್ನೂ ಹೇರಿಸಿಕೊಂಡು ಮನೆಗೆ ಬರುತ್ತೇನೆಂದು ಎಣಿಸಿರಲಿಲ್ಲ. ಮಾಡಿದ್ದುಣ್ಣೋ ಮಾರಾಯ ಎನ್ನುತ್ತಾರಲ್ಲ, ಅವಳಿಗೆ ಉಣ್ಣಲು ಬಂದದ್ದು ಹೊಗಳಿಕೆ. ಬೀದಿಯ ತಿರುವಿನಲ್ಲಿ ನಿಂತು ಸ್ವಲ್ಪ ಅತ್ತಳು.

ಪಾರ್ಕಿನ ಉದ್ಘಾಟನೆಯ ದಿನ ಒಳ್ಳೆಯ ಬಿಸಿಲಿತ್ತು. ಡೇರೆ ಹೋಗಿತ್ತು, ಹೊಂಡ ಹೋಗಿತ್ತು. ಎಲ್ಲಿಂದಲೋ ತಂದ ಕೆಂಪು ಮಣ್ಣಿನ ಮೇಲೆ ಚಾಪೆಯಂತೆ ಸುತ್ತಿ ತಂದ ಹುಲ್ಲು ಹಾಸಿದ್ದರು; ಹುಲ್ಲಿನ ತುಂಡುಗಳ ನಡುವಿನ ಗೆರೆ ಇನ್ನೂ ಕಾಣುತ್ತಿತ್ತು. ಜಾರುಬಂಡೆ, ಉಯ್ಯಾಲೆ, ಒಂದು ಪಕ್ಕ ಸಾಸೇಜ್ ಸುಡುವವರು, ಈರುಳ್ಳಿಯ ವಾಸನೆ. ಆ ಜಾಗದಲ್ಲಿ ಥರ್ಜಾ ಈರುಳ್ಳಿಯ ವಾಸನೆಯನ್ನು ಬರೀ ಈರುಳ್ಳಿಯ ವಾಸನೆಯಾಗಿ ಮೂಸಿದ್ದು ಅದೇ ಮೊದಲು. ಮುಂದಿನ ಸಾಲಿನಲ್ಲಿ ಹೊಸ ನೀಲಿ ಕೋಟು ತೊಟ್ಟು ಒಲ್ವೆನ್ ಕೂತಿದ್ದಳು. ಹಿಂದೆ ಎಲ್ಲೋ ಅನ್ನೆಕೆಯೂ ನಿಂತಿದ್ದಳು. ಥರ್ಜಾ ಅವಳನ್ನು ನೋಡಿ ಕಣ್ಣು ತಪ್ಪಿಸಿದಳು.

ಬ್ರೆಂಟನ್ ಭಾಷಣ ಮಾಡಿದ. ಪ್ರೀತಿ ಎಂದ, ಆರೈಕೆ ಎಂದ, ಒಂದು ತಲೆಮಾರನ್ನೇ ತೋಳಲ್ಲಿ ಹೊತ್ತ ತಾಯಿ ಎಂದ. ಜನ ಚಪ್ಪಾಳೆ ತಟ್ಟಿದರು. ಥರ್ಜಾ ಕೈಯಾಡಿಸಲಿಲ್ಲ. ಕೈ ಎರಡನ್ನೂ ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದಳು. ಬೋರ್ಡಿನ ಮೇಲಿನ ಬಟ್ಟೆ ಸರಿಸಿದರು. ಅವಳ ಹೆಸರು ದಪ್ಪ ದಪ್ಪ ಅಕ್ಷರದಲ್ಲಿ ಬಿಸಿಲಿಗೆ ಹೊಳೆಯಿತು.

"ಎರಡು ಮಾತು ಆಡಿ ಥರ್ಜಾ," ಎಂದು ಬ್ರೆಂಟನ್ ಮೈಕು ಹಿಡಿದ.

ಅವಳು ಎದ್ದಳು. ಬಾಯಿಗೆ ಬಂದ ಮಾತು ಬೇರೆ ಇತ್ತು. ಒಲ್ವೆನ್ ಮುಂದಿನ ಸಾಲಿನಿಂದ ಕಣ್ಣು ಕೀಳದೆ ನೋಡುತ್ತಿದ್ದಳು. ಊರುಗೋಲಿನ ಹಿಡಿಯ ಮೇಲೆ ಅವಳ ಬೆರಳುಗಳು ಬೆಳ್ಳಗಾಗಿದ್ದವು. ಥರ್ಜಾ ಆ ಬೆರಳು ನೋಡಿದಳು. ಆಮೇಲೆ ಮಕ್ಕಳನ್ನು ಎತ್ತಿಕೊಂಡು ನಿಂತಿದ್ದ ತಾಯಂದಿರನ್ನು ನೋಡಿದಳು.

"ಮಕ್ಕಳಿಗೆ ಕೆಮ್ಮು ಬಂದ್ರೆ," ಎಂದಳು, "ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ಅವತ್ತೇ ಹೋಗಿ. ದಾರೀಲಿ ಯಾರ ಮಾತೂ ಕೇಳ್ಬೇಡಿ."

ಎಲ್ಲರೂ ಗೊಳ್ಳೆಂದು ನಕ್ಕರು. ಮಾಂಸದಂಗಡಿಯವನು, "ನೋಡ್ರಯ್ಯ, ಅಜ್ಜಿ ಇನ್ನೂ ತಮಾಷೆ ಬಿಟ್ಟಿಲ್ಲ!" ಎಂದು ಕೂಗಿದ. ಔಷಧಿ ಅಂಗಡಿಯಲ್ಲಿ ನಕ್ಕ ನಗುವಿನಲ್ಲಿ ಕುಹಕವಿತ್ತು, ಈ ನಗುವಿನಲ್ಲಿ ಬರೀ ಪ್ರೀತಿ ಇತ್ತು. ಇದೇ ಹೆಚ್ಚು ಸುಟ್ಟಿತು. ಅನ್ನೆಕೆ ಮಾತ್ರ ನಗಲಿಲ್ಲ. ಒಲ್ವೆನ್ ಕೂಡ ನಗಲಿಲ್ಲ.

ಫೋಟೋದವನು ಇಬ್ಬರು ಮುದುಕಿಯರನ್ನೂ ಬೋರ್ಡಿನ ಕೆಳಗೆ ನಿಲ್ಲಿಸಿದ. ಒಲ್ವೆನ್ ಊರುಗೋಲನ್ನು ಎಡಗೈಗೆ ಬದಲಿಸಿ, ಬಲಗೈಯಿಂದ ಥರ್ಜಾಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಮೂಳೆ ನೋಯುವಷ್ಟು ಬಿಗಿಯಾಗಿ. ಥರ್ಜಾ ಹೊಸ ಹುಲ್ಲನ್ನೇ ನೋಡುತ್ತ ನಿಂತಿದ್ದಳು.

"ತಲೆ ಎತ್ತೇ," ಎಂದಳು ಒಲ್ವೆನ್, ತುಟಿ ಅಲುಗಿಸದೆ, ಮೆಲ್ಲಗೆ. "ನೀನು ಎತ್ತದಿದ್ರೆ ನಾನು ಹೆಂಗೆ ಎತ್ಲಿ?"